ಹೊಳೆಯಲ್ಲಿ ನಾಟಿ ಮೀನು ಎಷ್ಟು, ತಂದು ಬಿಟ್ಟ ಮೀನು ಎಷ್ಟು? ಕಾವೇರಿಯಲ್ಲಿ ಸಮೀಕ್ಷೆ ಮಾಡುವ ಕ್ರಮ

ಮೀನು ಸಮೀಕ್ಷೆ ಅಂತ ನನ್ನ ಕೈಗೆ ಬರುವ ಹಾಳೆಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಮೂವತ್ತು ಮೀನಿನ ಹೆಸರು, ಒಂದಷ್ಟು ಫೋಟೋ, ಕೊನೆಗೆ "ನಾಟಿ ಮೀನು ಕಡಿಮೆಯಾಗಿವೆ" ಎಂಬ ಸಾಲು. ಬಲೆ ಎಷ್ಟು ಹೊತ್ತು ನೀರಿನಲ್ಲಿತ್ತು? ಬಲೆಯ ಕಣ್ಣು ಎಷ್ಟು ದೊಡ್ಡದು? ಎಷ್ಟು ಸಲ ಬೀಸಿದರು? ಇದ್ಯಾವುದೂ ಅಲ್ಲಿ ಇರುವುದಿಲ್ಲ. ಹಾಗಿದ್ದರೆ ಕಡಿಮೆಯಾಗಿದೆ ಅಂತ ಯಾವುದಕ್ಕೆ ಹೋಲಿಸಿ ಹೇಳಿದರು?

ಮೀನು ಹಿಡಿಯುವುದು ಈ ಕೆಲಸದ ಸಣ್ಣ ಭಾಗ. ಮುಂದಿನ ವರ್ಷ ಬೇರೆ ಯಾರೋ ಬಂದು ಅದೇ ಜಾಗದಲ್ಲಿ, ಅದೇ ರೀತಿ ಮತ್ತೆ ಮಾಡಲು ಆಗುವಂತೆ ಬರೆದಿಡುವುದೇ ದೊಡ್ಡ ಭಾಗ. ಕಾವೇರಿಯನ್ನು ಉದಾಹರಣೆಗೆ ಇಟ್ಟುಕೊಂಡು ಹಂತ ಹಂತವಾಗಿ ಬರೆದಿದ್ದೇನೆ. ತುಂಗಾ, ಭದ್ರಾ, ನೇತ್ರಾವತಿಗೂ ಕ್ರಮ ಇದೇ. ಮೀನಿನ ಪಟ್ಟಿ ಮಾತ್ರ ಬದಲಾಗುತ್ತದೆ.

ಹಂತ 1: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

"ಕಾವೇರಿಯ ಮೀನುಗಳ ಅಧ್ಯಯನ" ಎಂಬುದು ಪ್ರಶ್ನೆಯಲ್ಲ. "ಕುಶಾಲನಗರದಿಂದ ರಾಮನಾಥಪುರದವರೆಗೆ ಜಿಲೇಬಿ ಮೀನು (ತಿಲಾಪಿಯಾ) ಎಲ್ಲೆಲ್ಲಿ ಮರಿ ಮಾಡುತ್ತಿದೆ?" ಎಂಬುದು ಪ್ರಶ್ನೆ. ಯಾವ ಜಾತಿಗಳು ಇವೆ ಎಂದು ತಿಳಿಯಬೇಕಾದರೆ ಬಗೆಬಗೆಯ ಬಲೆ ಬೇಕು. ಎಷ್ಟಿವೆ ಎಂದು ತಿಳಿಯಬೇಕಾದರೆ ಒಂದೇ ಬಲೆಯನ್ನು ಒಂದೇ ರೀತಿ ಹಲವು ಸಲ ಹಾಕಬೇಕು. ಎರಡೂ ಬೇಕು ಅಂದರೆ ದಿನಗಳು ದುಪ್ಪಟ್ಟಾಗುತ್ತವೆ. ಮೂರು ಜನ, ಎರಡು ದಿನದಲ್ಲಿ ಎರಡನ್ನೂ ಮಾಡಲು ಹೋಗಿ ಕೈಸೋತವರನ್ನು ಬಹಳ ನೋಡಿದ್ದೇನೆ.

ಹಂತ 2: ಅನುಮತಿ

ಇದನ್ನು ಕೊನೆಗೆ ಬಿಡಬೇಡಿ, ತಿಂಗಳುಗಟ್ಟಲೆ ಹಿಡಿಯುತ್ತದೆ. ಕಾವೇರಿ ವನ್ಯಧಾಮ, ರಂಗನತಿಟ್ಟು ಇಂಥ ಜಾಗಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬಲೆ ಮುಟ್ಟುವಂತಿಲ್ಲ. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ. ಆ ಭಾಗದ ಮೀನು ಹಿಡಿಯುವ ಹಕ್ಕು ಯಾರಿಗಿದೆ ಎಂದು ಕೇಳಿ, ಗುತ್ತಿಗೆ ಪಡೆದವರನ್ನೋ ಮೀನುಗಾರರ ಸಂಘವನ್ನೋ ಮೊದಲೇ ಕಂಡು ಮಾತಾಡಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪತ್ರ ಕೊಡಿ.

ಅದೇ ಕಚೇರಿಯಲ್ಲಿ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. ಯಾವ ವರ್ಷ, ಯಾವ ಜಾಗದಲ್ಲಿ, ಯಾವ ಮೀನಿನ ಮರಿ ಎಷ್ಟು ಬಿಟ್ಟಿದ್ದಾರೆ ಎಂಬ ಲೆಕ್ಕ ಕೇಳಿ ಬರೆದುಕೊಳ್ಳಿ. ಈ ಒಂದು ಹಾಳೆ ಇಲ್ಲದಿದ್ದರೆ ಲೆಕ್ಕದ ಹಂತದಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ.

ದೇವರ ಮೀನಿನ ಜಾಗಗಳಲ್ಲಿ, ಉದಾಹರಣೆಗೆ ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ, ಬಲೆಯ ಮಾತೇ ಎತ್ತಬೇಡಿ. ಅಲ್ಲಿ ಮೆಟ್ಟಿಲ ಮೇಲಿಂದ ಫೋಟೋ ಮತ್ತು ಎಣಿಕೆ ಮಾತ್ರ.

ಹಂತ 3: 'ನಾಟಿ' ಅಂದರೆ ಏನು ಅಂತ ಮೊದಲೇ ತೀರ್ಮಾನಿಸಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಭಾರತದ ಮೀನು ಎಂದ ಮಾತ್ರಕ್ಕೆ ಅದು ಕಾವೇರಿಯ ಮೀನು ಆಗುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್ ಗಂಗಾ ಕಡೆಯವು. ನಮ್ಮ ಕೆರೆಗಳಲ್ಲಿ ಎಷ್ಟೋ ವರ್ಷದಿಂದ ಇವೆ, ಮನೆ ಮೀನಿನಂತಾಗಿವೆ, ಆದರೂ ಕಾವೇರಿಗೆ ತಂದು ಬಿಟ್ಟವೇ.

ಇದಕ್ಕಿಂತ ನಾಜೂಕಾದ ಉದಾಹರಣೆ ಮಹಶೀರ್. ಕಾವೇರಿಗೆ ತನ್ನದೇ ಆದ, ಬೆನ್ನು ಡುಬ್ಬದ ದೊಡ್ಡ ಮಹಶೀರ್ ಇದೆ. 2018ರಲ್ಲಿ ಅದನ್ನು ಟಾರ್ ರೆಮಾದೇವಿ ಎಂದು ಗುರುತಿಸಿದರು. ಅದೇ ವರ್ಷ, ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ದಾಖಲಿಸುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಪಾಯದಲ್ಲಿರುವ ಜಾತಿಯಾಗಿ ಸೇರಿತು. ಆದರೆ ಇದೇ ಹೊಳೆಗೆ ದಶಕಗಳ ಹಿಂದಿನಿಂದ ಟಾರ್ ಖುದ್ರಿ ಎಂಬ ಇನ್ನೊಂದು ಮಹಶೀರ್‌ನ ಮರಿಗಳನ್ನು ಬಿಡುತ್ತಾ ಬಂದರು. ಅವು ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆದವು. ಉದ್ದೇಶ ಮಹಶೀರ್ ಉಳಿಸುವುದೇ ಆಗಿತ್ತು. ನಿಮ್ಮ ಹಾಳೆಯಲ್ಲಿ "ಮಹಶೀರ್ 40" ಎಂದು ಬರೆದರೆ ಹೊಳೆಯ ಸ್ವಂತ ಮೀನು ಉಳಿದಿದೆಯಾ, ಅಳಿದಿದೆಯಾ ಎಂಬುದೇ ಮುಚ್ಚಿಹೋಗುತ್ತದೆ. ಈ ಇಡೀ ಕೆಲಸ ಯಾಕೆ ಬೇಕು ಎಂಬುದಕ್ಕೆ ನನಗೆ ಇದೊಂದೇ ಉದಾಹರಣೆ ಸಾಕು.

ಹಾಗಾಗಿ ಪಟ್ಟಿಯಲ್ಲಿ ನಾಲ್ಕು ಗುಂಪು ಮಾಡಿ:
- ಈ ಹೊಳೆಯದೇ ಮೀನು
- ಭಾರತದ ಬೇರೆ ನದಿಯಿಂದ ತಂದದ್ದು
- ಹೊರದೇಶದಿಂದ ತಂದದ್ದು (ಜಿಲೇಬಿ, ಸಾಮಾನ್ಯ ಗೆಂಡೆ, ಹುಲ್ಲು ಗೆಂಡೆ, ಬೆಳ್ಳಿ ಗೆಂಡೆ, ಆಫ್ರಿಕನ್ ಕ್ಯಾಟ್‌ಫಿಶ್, ಗ್ಯಾಂಬೂಸಿಯಾ, ಗಪ್ಪಿ)
- ಇನ್ನೂ ತೀರ್ಮಾನ ಆಗದ್ದು

ಕೊನೆಯ ಗುಂಪನ್ನು ಬಳಸಲು ನಾಚಿಕೆ ಬೇಡ. ಸಂಶಯ ಇರುವ ಮೀನನ್ನು ಒತ್ತಾಯದಿಂದ ಯಾವುದೋ ಗುಂಪಿಗೆ ತಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಹಂತ 4: ಜಾಗ ಮತ್ತು ಕಾಲ ಆರಿಸುವುದು

ರಸ್ತೆ ಹತ್ತಿರ, ಸೇತುವೆ ಕೆಳಗೆ, ಜೀಪು ನಿಲ್ಲುವಲ್ಲಿ ಮಾತ್ರ ಬಲೆ ಹಾಕುವುದು ದೊಡ್ಡ ತಪ್ಪು. ಸೇತುವೆ ಕೆಳಗಿನ ಹೊಳೆ ಉಳಿದ ಹೊಳೆಯಂತೆ ಇರುವುದಿಲ್ಲ.

ಪ್ರತಿ ಜಾಗದಲ್ಲಿ 200 ಮೀಟರ್ ಉದ್ದದ ತುಂಡು ಗುರುತಿಸಿ. ಅದರೊಳಗೆ ಮಡು, ಕಲ್ಲಿನ ಮೇಲೆ ಸದ್ದು ಮಾಡಿಕೊಂಡು ಹರಿಯುವ ತೆಳು ನೀರು, ದಡದ ಹುಲ್ಲು, ಈ ಮೂರೂ ಇರಲಿ. ಅಣೆಕಟ್ಟೆಗೆ ಮೇಲೆ ಒಂದು, ಹಿನ್ನೀರಿನಲ್ಲಿ ಒಂದು, ಕೆಳಗೆ ಒಂದು ಜಾಗ ಇದ್ದರೆ ಹೋಲಿಕೆಗೆ ತುಂಬ ಅನುಕೂಲ. ಕಾವೇರಿಯಲ್ಲಿ ಕುಶಾಲನಗರದ ಮೇಲ್ಭಾಗ, ಕೆಆರ್‌ಎಸ್ ಹಿನ್ನೀರು, ಶ್ರೀರಂಗಪಟ್ಟಣದ ಕೆಳಗೆ ಎಂದು ಶುರು ಮಾಡಬಹುದು. ನಿಂತ ನೀರು ಜಿಲೇಬಿ, ಗೆಂಡೆಗಳಿಗೆ ಒಗ್ಗುತ್ತದೆ. ಹರಿವ ನೀರನ್ನೇ ನಂಬಿದ ಕಲ್ಲು ಮೀನುಗಳಿಗೆ ಒಗ್ಗುವುದಿಲ್ಲ. ಈ ವ್ಯತ್ಯಾಸ ನಿಮ್ಮ ಲೆಕ್ಕದಲ್ಲಿ ಕಾಣಬೇಕಾದರೆ ಎರಡೂ ಥರದ ಜಾಗ ಬೇಕು.

ಕಾಲ: ಮಳೆ ನಿಂತು ನೀರು ತಿಳಿಯಾದ ನವೆಂಬರ್–ಡಿಸೆಂಬರ್‌ನಲ್ಲಿ ಒಂದು ಸಲ, ಬೇಸಿಗೆಯ ಮಾರ್ಚ್–ಏಪ್ರಿಲ್‌ನಲ್ಲಿ ಇನ್ನೊಂದು ಸಲ. ಮುಂಗಾರಿನಲ್ಲಿ ಬೇಡ. ಪ್ರವಾಹದ ಅಪಾಯ ಒಂದು ಕಡೆ. ಹೊಳೆ ಹತ್ತುವ ಮೀನುಗಳು (ಹತ್ತುಮೀನು) ಮೊಟ್ಟೆ ಇಡಲು ಮೇಲಕ್ಕೆ ಹೋಗುವ ಕಾಲವೂ ಅದೇ. ಆಗ ಬಲೆ ಅಡ್ಡ ಹಾಕಿ ಮೀನು ಎಣಿಸುವುದು ಮೀನಿಗೆ ಮಾಡುವ ಅನ್ಯಾಯ.

ಹಂತ 5: ಸಾಮಾನು

ಇವಿಷ್ಟು ಇಲ್ಲದೆ ಹೊರಡಬೇಡಿ:
- ಒಂದೇ ಅಳತೆಯ ಎರಡು ಬೀಸುಬಲೆ
- ಬೇರೆ ಬೇರೆ ಕಣ್ಣಿನ ತುಂಡುಗಳನ್ನು ಜೋಡಿಸಿದ ಗಿಲ್ ನೆಟ್ (ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಬಲೆ)
- ದಡದ ಹುಲ್ಲಿಗೆ ಹಿಡಿಬಲೆ
- ಮುಚ್ಚಳ ಇರುವ ಬಕೆಟ್‌ಗಳು, ಬ್ಯಾಟರಿಯ ಗಾಳಿ ಪಂಪು
- ಅಳತೆ ಹಲಗೆ, ತಕ್ಕಡಿ
- ಥರ್ಮಾಮೀಟರ್, ಪಿಎಚ್ ಮತ್ತು ಆಮ್ಲಜನಕ ಅಳೆಯುವ ಕಿಟ್
- ಜಿಪಿಎಸ್ ಅಥವಾ ಮೊಬೈಲ್, ಪೆನ್ಸಿಲ್, ದಪ್ಪ ಕಾಗದ
- ಎಲ್ಲರಿಗೂ ಲೈಫ್ ಜಾಕೆಟ್

ಬಲೆಯ ಕಣ್ಣನ್ನು ಎಳೆದು, ಒಂದು ಗಂಟಿನಿಂದ ಎದುರಿನ ಗಂಟಿಗೆ ಅಳೆಯಿರಿ. ಅಂಗಡಿಯವರು ಹೇಳಿದ ಸಂಖ್ಯೆ ಬರೆಯಬೇಡಿ. ಪೆನ್ ಬೇಡ, ಪೆನ್ಸಿಲ್ ಬೇಕು. ನೀರು ಬಿದ್ದರೆ ಶಾಯಿ ಹರಡುತ್ತದೆ. ಬಕೆಟ್‌ಗೆ ಮುಚ್ಚಳ ಯಾಕೆ ಅಂತೀರಾ? ಕೊರವ ಮೀನು ಹಾರಿ ಹೋಗುತ್ತದೆ.

ಕರೆಂಟ್ ಬಿಟ್ಟು ಮೀನು ಹಿಡಿಯುವುದು, ತೋಟೆ (ಸಿಡಿಮದ್ದು), ವಿಷದ ಔಷಧಿ ಇವುಗಳ ಹತ್ತಿರ ಸುಳಿಯಬೇಡಿ. ಹೊರದೇಶಗಳಲ್ಲಿ ತರಬೇತಿ ಪಡೆದವರು ಅದಕ್ಕೆಂದೇ ಮಾಡಿದ ಯಂತ್ರದಿಂದ ಕರೆಂಟ್ ಬಳಸುತ್ತಾರೆ, ನಿಜ. ಲಾರಿ ಬ್ಯಾಟರಿ ಮತ್ತು ವೈರಿನಿಂದ ಮಾಡುವುದು ಅದಲ್ಲ. ಅದು ಮೀನನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ.

ಹಂತ 6: ಬಲೆಗೆ ಮುಂಚೆ ಮೀನುಗಾರರ ಮಾತು

ಹೊಳೆಯ ಜೊತೆ ನಲವತ್ತು ವರ್ಷ ಬದುಕಿದವರಿಗೆ ತಿಳಿದಿರುವುದು ನಿಮ್ಮ ಬಲೆಗೆ ಎರಡು ದಿನದಲ್ಲಿ ಸಿಗುವುದಿಲ್ಲ. ಆದರೆ "ಮೊದಲು ಮೀನು ಜಾಸ್ತಿ ಇತ್ತಾ?" ಎಂದು ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ. "ಅಣ್ಣಾ, ಈ ಮೀನು ಕೊನೇ ಸಲ ಬಲೆಗೆ ಬಿದ್ದಿದ್ದು ಯಾವಾಗ? ಎಲ್ಲಿ?" ಎಂದು ಫೋಟೋ ತೋರಿಸಿ ಕೇಳಿ. ವರ್ಷ ನೆನಪಿಲ್ಲದಿದ್ದರೆ "ದೊಡ್ಡ ಮಗಳ ಮದುವೆಗೆ ಮುಂಚೆಯೋ, ಆಮೇಲೋ?" ಎಂಬಂತೆ ಮನೆಯ ಘಟನೆಗೆ ಕಟ್ಟಿ.

ಒಂದು ಉಪಾಯ: ಫೋಟೋಗಳ ಮಧ್ಯೆ ಹಿಮಾಲಯದ ಹೊಳೆಗಳಲ್ಲಿ ಮಾತ್ರ ಇರುವ ಮೀನಿನದೊಂದನ್ನು ಸೇರಿಸಿ. ಅದನ್ನೂ "ಹೂಂ, ಇಲ್ಲಿ ಸಿಗುತ್ತೆ" ಅಂದರೆ ಆ ಮಾತುಕತೆಯ ಉಳಿದ ಉತ್ತರಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಮನೆಗೆ ಬಂದವರಿಗೆ ಇಲ್ಲ ಅನ್ನಬಾರದು ಎಂಬ ಸೌಜನ್ಯ ಅದು.

ಸ್ಥಳೀಯ ಹೆಸರುಗಳನ್ನು ತಪ್ಪದೆ ಬರೆದುಕೊಳ್ಳಿ, ಆದರೆ ಅವುಗಳ ಮೇಲೇ ಲೆಕ್ಕ ಕಟ್ಟಬೇಡಿ. ಗೆಂಡೆ, ಪಕ್ಕೆ ಎಂಬ ಹೆಸರುಗಳು ಒಂದೊಂದು ಊರಲ್ಲಿ ಒಂದೊಂದು ಮೀನಿಗೆ ಸಲ್ಲುತ್ತವೆ.

ಹಂತ 7: ನೀರನ್ನು ಅಳೆಯಿರಿ, ಕಾಲಿಡುವ ಮುಂಚೆ

ಹತ್ತು ಜನ ಇಳಿದು ಕಲಕಿದ ಮೇಲೆ ನೀರು ಅಳೆದು ಏನೂ ಉಪಯೋಗವಿಲ್ಲ. ತಲುಪಿದ ತಕ್ಷಣ ಉಷ್ಣತೆ, ಪಿಎಚ್, ಆಮ್ಲಜನಕ, ಆಳ ಬರೆದುಕೊಳ್ಳಿ. ಹರಿವಿನ ವೇಗಕ್ಕೆ ಒಂದು ಕಿತ್ತಳೆ ಹಣ್ಣು ಸಾಕು. 10 ಮೀಟರ್ ಅಳೆದು ಹಣ್ಣು ತೇಲಿಬಿಡಿ. 20 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದ ನೀರು ನಿಧಾನ, ಹಾಗಾಗಿ ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಹಂತ 8: ಬಲೆ ಹಾಕುವ ಕ್ರಮ

ಮೊದಲ ನಿಯಮ, ಮೇಲಿನ ಹೊಳೆಯಿಂದ ಕೆಳಗಿನ ಹೊಳೆಗೆ ಬನ್ನಿ. ತಂದು ಬಿಟ್ಟ ಮೀನು ಜಾಸ್ತಿ ಇರುವ ಹಿನ್ನೀರಿನಲ್ಲಿ ಬಳಸಿದ ಒದ್ದೆ ಬಲೆಯನ್ನು ನೇರ ಮೇಲಿನ ತೊರೆಗೆ ಒಯ್ದರೆ ಮೊಟ್ಟೆ, ಮರಿ, ಜೊಂಡು, ರೋಗ ಎಲ್ಲವನ್ನೂ ನೀವೇ ಹೊತ್ತುಕೊಂಡು ಹೋದಂತೆ. ಎರಡು ಜಾಗಗಳ ಮಧ್ಯೆ ಬಲೆ ಕೊಡವಿ, ಬಿಸಿಲಿಗೆ ಪೂರ್ತಿ ಒಣಗಿಸಿ. ಬಕೆಟ್‌ನ ನೀರನ್ನು ತಂದ ಜಾಗದಲ್ಲೇ ಚೆಲ್ಲಿ.

ಎರಡನೆಯದು, ಬೀಸುಬಲೆಯನ್ನು ಪ್ರತಿ ಜಾಗದಲ್ಲಿ ಲೆಕ್ಕ ಹಾಕಿ 20 ಸಲ ಬೀಸಿ. ಮೂರೂ ಥರದ ನೀರಿಗೆ ಹಂಚಿಕೊಳ್ಳಿ. ಖಾಲಿ ಬಂದ ಬೀಸನ್ನೂ ಬರೆಯಿರಿ. "ಏನೂ ಸಿಗಲಿಲ್ಲ, ಬಿಡು, ಇನ್ನೊಂದು ಹಾಕು" ಎಂಬ ಮಾತು ಸಮೀಕ್ಷೆಯನ್ನು ಹಾಳು ಮಾಡುತ್ತದೆ. ಸೊನ್ನೆಯೂ ಒಂದು ಸಂಖ್ಯೆ. ಬೀಸುವವರು ಒಬ್ಬರೇ ಇರಲಿ. ಕೈ ಬದಲಾದರೆ ಬಲೆ ಬಿಚ್ಚಿಕೊಳ್ಳುವ ರೀತಿಯೂ ಬದಲಾಗುತ್ತದೆ.

ಮೂರನೆಯದು, ಗಿಲ್ ನೆಟ್ ಎರಡು ಗಂಟೆ ಮಾತ್ರ. ಅರ್ಧ ಗಂಟೆಗೊಮ್ಮೆ ನೋಡಿ. ರಾತ್ರಿಯಿಡೀ ಬಿಡುವ ಅಭ್ಯಾಸ ಬಹಳ ಕಡೆ ಇದೆ, ನಾನು ಅದನ್ನು ಒಪ್ಪುವುದಿಲ್ಲ. ಕಾವೇರಿಯಲ್ಲಿ ನೀರುನಾಯಿಗಳಿವೆ, ಆಮೆಗಳಿವೆ. ಬಲೆಗೆ ಸಿಕ್ಕಿ ನೀರಿನಡಿ ಉಸಿರುಗಟ್ಟಿದರೆ ಯಾವ ದಾಖಲೆಯಿಂದಲೂ ಆ ನಷ್ಟ ತುಂಬುವುದಿಲ್ಲ.

ನೀರು ತಿಳಿಯಾಗಿದ್ದರೆ ಒಂದು ಕ್ಯಾಮೆರಾವನ್ನು ಕಲ್ಲಿಗೆ ಕಟ್ಟಿ ಅರ್ಧ ಗಂಟೆ ಮುಳುಗಿಸಿಡಿ. ಬಲೆಗೆ ಬೀಳದ ಸಣ್ಣ ಕಲ್ಲು ಮೀನುಗಳು ಅದರಲ್ಲಿ ಕಾಣುತ್ತವೆ. ಮೀನು ನೀರಿನಲ್ಲಿ ಬಿಟ್ಟ ಡಿಎನ್‌ಎ ಹುಡುಕುವ ಪರೀಕ್ಷೆಯೂ ಇದೆ, ಆದರೆ ಅದಕ್ಕೆ ಒಳ್ಳೆಯ ಲ್ಯಾಬ್ ಬೇಕು. ಮೇಲೆಲ್ಲೋ ಮೀನು ಮಾರುಕಟ್ಟೆಯ ಚರಂಡಿ ಹೊಳೆಗೆ ಸೇರುತ್ತಿದ್ದರೆ ಇಲ್ಲದ ಮೀನನ್ನೂ ಅದು ತೋರಿಸುತ್ತದೆ.

ಹಂತ 9: ಮೀನು ಕೈಗೆ ಬಂದ ಮೇಲೆ

ಕೈ ಒದ್ದೆ ಮಾಡಿಕೊಳ್ಳಿ, ಹಲಗೆಯನ್ನೂ ಒದ್ದೆ ಮಾಡಿ. ಒಣ ಕೈ ತಾಗಿದರೆ ಮೀನಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ಆ ಜಾಗಕ್ಕೆ ರೋಗ ಹತ್ತುತ್ತದೆ. ಬಕೆಟ್ ನೆರಳಿನಲ್ಲಿರಲಿ. ದೊಡ್ಡ ಮೀನು, ಸಣ್ಣ ಮೀನು ಒಂದೇ ಬಕೆಟ್‌ನಲ್ಲಿ ಬೇಡ.

ಕೆಲಸದ ಕ್ರಮ ಹೀಗೆ: ಎಡಬದಿಯ ಫೋಟೋ (ಪಕ್ಕದಲ್ಲಿ ಸ್ಕೇಲು, ರೆಕ್ಕೆಗಳು ಬಿಡಿಸಿದಂತೆ), ಬಾಯಿಯ ಫೋಟೋ, ಮೂತಿಯಿಂದ ಬಾಲದ ತುದಿವರೆಗಿನ ಉದ್ದ, ತೂಕ, ಬಿಡುಗಡೆ. ಒಂದು ಮೀನಿಗೆ ಒಂದು ನಿಮಿಷ ಮೀರಬಾರದು. ಮೀನು ಮಗ್ಗುಲಾಗಿ ತೇಲತೊಡಗಿದರೆ, ಬಾಯಿ ಮೇಲಕ್ಕೆ ತಂದು ಗಾಳಿಗೆ ಹಾತೊರೆದರೆ ಅಳತೆ ನಿಲ್ಲಿಸಿ, ನೀರು ಬದಲಿಸಿ.

ಚೇಳು ಮೀನು, ಗಿರ್ಲು ಮುಟ್ಟುವಾಗ ಹುಷಾರು. ಎದೆ ಪಕ್ಕದ ರೆಕ್ಕೆಯ ಮುಳ್ಳು ಚುಚ್ಚಿದರೆ ವಿಪರೀತ ನೋವು. ಸುಡದಷ್ಟು ಬಿಸಿನೀರಿನಲ್ಲಿ ಕೈ ಅದ್ದಿಟ್ಟರೆ ನೋವು ಇಳಿಯುತ್ತದೆ. ಫ್ಲಾಸ್ಕ್‌ನಲ್ಲಿ ಬಿಸಿನೀರು ಒಯ್ಯಿರಿ.

ಗುರುತು ಸಿಗದ ಮೀನಿನ ಮಾದರಿ ಇಡಲು ಅನುಮತಿ ಇದ್ದರೆ, ಮೊದಲು ರೆಕ್ಕೆಯ ಸಣ್ಣ ತುಣುಕನ್ನು ಶುದ್ಧ ಎಥನಾಲ್‌ಗೆ ಹಾಕಿ, ಆಮೇಲೆ ಮೀನನ್ನು ಫಾರ್ಮಲಿನ್‌ಗೆ. ಈ ಕ್ರಮ ತಪ್ಪಿದರೆ ಡಿಎನ್‌ಎ ಕೈತಪ್ಪಿತು ಅಂತಲೇ ತಿಳಿಯಿರಿ. ಅಂಗಡಿಯ ಫಾರ್ಮಲಿನ್ ಒಂದು ಪಾಲಿಗೆ ನೀರು ಒಂಬತ್ತು ಪಾಲು. ಕೈಗವಸು ಹಾಕಿ, ಬಯಲಲ್ಲೇ ಬೆರೆಸಿ.

ತಂದು ಬಿಟ್ಟ ಮೀನು ಸಿಕ್ಕರೆ ವಾಪಸ್ ಬಿಡಬೇಕೋ ಬೇಡವೋ ಎಂಬುದನ್ನು ಅನುಮತಿ ಪತ್ರದಲ್ಲೇ ಬರೆಸಿಕೊಳ್ಳಿ. ದಡದಲ್ಲಿ ನಿಂತು ವಾದ ಮಾಡುವ ವಿಷಯವಲ್ಲ ಅದು.

ಹಂತ 10: ಗುರುತು ಹಿಡಿಯುವುದು

ಬಣ್ಣ ನೋಡಿ ಹೆಸರು ಹೇಳಬೇಡಿ. ಬಣ್ಣ ನೀರಿನ ಜೊತೆ, ವಯಸ್ಸಿನ ಜೊತೆ, ಹೆದರಿಕೆಯ ಜೊತೆ ಬದಲಾಗುತ್ತದೆ. ಎಣಿಸಿ: ಮೀಸೆ ಎಷ್ಟು, ರೆಕ್ಕೆಯಲ್ಲಿ ಮುಳ್ಳೆಷ್ಟು, ಮೈಯ ಪಕ್ಕದಲ್ಲಿ ಬಾಲದವರೆಗೆ ಹೋಗುವ ಗೆರೆಯ ಮೇಲೆ ಹುರುಪೆ ಎಷ್ಟು.

ಗೆಂಡೆ ಕುಟುಂಬ: ಸಾಮಾನ್ಯ ಗೆಂಡೆಗೆ ಬೆನ್ನಿನ ರೆಕ್ಕೆ ಉದ್ದ, ಎರಡು ಜೊತೆ ಮೀಸೆ. ಕಾಟ್ಲಾಗೆ ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ, ಮೀಸೆ ಇಲ್ಲ. ರೋಹುವಿನ ತುಟಿ ಜಾಲರಿಯಂತೆ. ಬೆಳ್ಳಿ ಗೆಂಡೆಯ ಹುರುಪೆ ಪುಟಾಣಿ, ಕಣ್ಣು ತಲೆಯಲ್ಲಿ ತೀರಾ ಕೆಳಗೆ.

ಜಿಲೇಬಿ: ಇದನ್ನು ನಮ್ಮದೇ ಆರೆಂಜ್ ಕ್ರೋಮೈಡ್ ಮರಿಯ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಹೊಟ್ಟೆಯ ಹಿಂದಿನ ಗುದದ ರೆಕ್ಕೆಯ ಮುಳ್ಳು ಎಣಿಸಿ. ಜಿಲೇಬಿಗೆ ಮೂರು ಮಾತ್ರ. ನಮ್ಮದಕ್ಕೆ ಹನ್ನೆರಡು ಅಥವಾ ಹೆಚ್ಚು. ಬಾಲದ ಮೇಲೆ ನೆಟ್ಟನೆಯ ಪಟ್ಟೆಗಳಿದ್ದರೆ ನೈಲ್ ತಿಲಾಪಿಯಾ ಇರಬಹುದು ಎಂದು ಬರೆದಿಡಿ. ಮೊಜಾಂಬಿಕ್ ತಿಲಾಪಿಯಾ ಜೊತೆ ಅದು ಬೆರಕೆಯಾಗುತ್ತದೆ, ಹಾಗಾಗಿ "ಇರಬಹುದು" ಎಂಬ ಮಾತು ಬಿಡಬೇಡಿ.

ಕ್ಯಾಟ್‌ಫಿಶ್: ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ಭಾರತದಲ್ಲಿ ನಿಷೇಧ, ಆದರೂ ಹೊಳೆಗೆ ಬಂದು ಸೇರಿದೆ. ಇದನ್ನು ನಮ್ಮ ನಾಟಿ ಕ್ಯಾಟ್‌ಫಿಶ್ ಮುರುಗೋಡು ಎಂದು ತಪ್ಪು ತಿಳಿಯುತ್ತಾರೆ. ಆಫ್ರಿಕನ್ನಿನ ತಲೆ ದೊಡ್ಡದು, ಮೈಮೇಲೆ ಮಚ್ಚೆ ಮಚ್ಚೆ. ತಲೆಯ ಫೋಟೋವನ್ನು ಮೇಲಿಂದ ತೆಗೆಯಿರಿ. ತಲೆಬುರುಡೆಯ ಹಿಂಭಾಗದ ಆಕಾರ ನೋಡಿ ತಿಳಿದವರು ಹೇಳುತ್ತಾರೆ.

ದಡದ ಪುಟ್ಟ ಮೀನುಗಳು: ಸೊಳ್ಳೆ ಮರಿ ತಿನ್ನಲೆಂದು ಬಿಟ್ಟ ಗ್ಯಾಂಬೂಸಿಯಾ ಮತ್ತು ಗಪ್ಪಿ ಮರಿಯನ್ನೇ ಹೆರುತ್ತವೆ. ಗಂಡಿನ ಗುದದ ರೆಕ್ಕೆ ಕಡ್ಡಿಯಂತೆ ಉದ್ದ. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊಳೆದರೆ ಅದು ನಮ್ಮದು.

ಮಹಶೀರ್: ಕಿತ್ತಳೆ ರೆಕ್ಕೆ ನಮ್ಮದು, ನೀಲಿ ರೆಕ್ಕೆ ತಂದದ್ದು ಎಂಬ ಮಾತು ಕೇಳಿರುತ್ತೀರಿ. ಅದು ಸುಳಿವು ಮಾತ್ರ. ರೆಕ್ಕೆಯ ತುಣುಕಿನ ಪರೀಕ್ಷೆ ಇಲ್ಲದೆ ಮರಿ ಮಹಶೀರ್‌ಗೆ ಜಾತಿ ಹೆಸರು ಬರೆಯಬೇಡಿ.

ತೀರ್ಮಾನ ಆಗದ್ದನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೋ ಝೂಲಾಜಿಕಲ್ ಸರ್ವೆ ಆಫ್ ಇಂಡಿಯಾಕ್ಕೋ ಕಳಿಸಿ.

ಹಂತ 11: ಲೆಕ್ಕ

ನನ್ನ ಮೊದಲ ಸಮೀಕ್ಷೆಯಲ್ಲಿ ಮೀನುಗಳನ್ನು ಒಂದೂ ಬಿಡದೆ ಅಳೆದಿದ್ದೆವು. ಬಲೆ ಹಾಕಿದ ಹೊತ್ತು, ತೆಗೆದ ಹೊತ್ತು ಬರೆದಿರಲಿಲ್ಲ. ಒಂದು ವರ್ಷದ ಕೆಲಸ ಹೋಲಿಕೆಗೆ ಬಾರದೆ ಹೋಯಿತು. ಈಗಲೂ ನೆನೆದರೆ ಬೇಸರವಾಗುತ್ತದೆ.

ಲೆಕ್ಕ ಸುಲಭ. 30 ಮೀಟರ್ ಉದ್ದ, 1.5 ಮೀಟರ್ ಎತ್ತರದ ಬಲೆ ಅಂದರೆ 45 ಚದರ ಮೀಟರ್. ಎರಡು ಗಂಟೆಯಲ್ಲಿ 18 ಮೀನು ಸಿಕ್ಕರೆ, 18ನ್ನು 90ರಿಂದ (45 × 2 ಗಂಟೆ) ಭಾಗಿಸಿ, 100ರಿಂದ ಗುಣಿಸಿ. ನೂರು ಚದರ ಮೀಟರ್ ಬಲೆಗೆ ಗಂಟೆಗೆ 20 ಮೀನು. ಬೀಸುಬಲೆಗೆ ಪ್ರತಿ ಬೀಸಿಗೆ ಎಷ್ಟು ಎಂದು ತೆಗೆಯಿರಿ. ಎರಡು ಬಲೆಗಳ ಸಂಖ್ಯೆಯನ್ನು ಎಂದೂ ಕೂಡಿಸಬೇಡಿ.

ಎಣಿಕೆ ಮತ್ತು ತೂಕ ಎರಡನ್ನೂ ತೋರಿಸಿ. ಇನ್ನೂರು ಪಕ್ಕೆ ಮೀನಿನ ಜೊತೆ ನಾಲ್ಕೇ ಸಾಮಾನ್ಯ ಗೆಂಡೆ ಸಿಕ್ಕಿರಬಹುದು. ಎಣಿಕೆಯಲ್ಲಿ ಹೊಳೆ ನಾಟಿ ಮೀನಿನದು, ತೂಕದಲ್ಲಿ ಗೆಂಡೆಯದು.

ಸಾಕಷ್ಟು ಬಲೆ ಹಾಕಿದ್ದೀರಾ ಎಂದು ತಿಳಿಯಲು ಗ್ರಾಫ್ ಹಾಳೆಯ ಮೇಲೆ ಬೀಸಿನ ಸಂಖ್ಯೆ ಅಡ್ಡಕ್ಕೆ, ಅಲ್ಲಿವರೆಗೆ ಕಂಡ ಜಾತಿಗಳ ಸಂಖ್ಯೆ ಮೇಲಕ್ಕೆ ಗುರುತಿಸಿ. ಗೆರೆ ಇನ್ನೂ ಏರುತ್ತಿದ್ದರೆ ಕೆಲಸ ಮುಗಿದಿಲ್ಲ. ಚಪ್ಪಟೆಯಾಗಿದ್ದರೆ ಆ ಬಲೆಗೆ ಸಿಗುವ ಮೀನು ಬಹುಪಾಲು ಸಿಕ್ಕಿದೆ.

ಇನ್ನು, ತಂದು ಬಿಟ್ಟ ಮೀನು ಸುಮ್ನೆ ಬಂದುಹೋಗುತ್ತಿದೆಯೋ, ಬೇರೂರಿದೆಯೋ? ಮೀನುಗಳ ಉದ್ದ ಬರೆದ ಪಟ್ಟಿ ನೋಡಿ. ಎಲ್ಲವೂ ಒಂದೇ ಅಳತೆ ಇದ್ದು, ಇಲಾಖೆ ಮರಿ ಬಿಟ್ಟ ವರ್ಷಕ್ಕೆ ಹೊಂದಿದರೆ ಅವು ಬಿಟ್ಟ ಮರಿಗಳೇ ಇರಬಹುದು. ಬೆರಳುದ್ದದಿಂದ ಮೊಳದುದ್ದದವರೆಗೆ ಎಲ್ಲ ಅಳತೆಯವೂ ಇದ್ದರೆ, ಮರಿ ಬಿಡದ ಜಾಗದಲ್ಲೂ ಪುಟ್ಟವು ಸಿಕ್ಕರೆ ಅದು ಅಲ್ಲೇ ಮರಿ ಮಾಡುತ್ತಿದೆ. ಜಿಲೇಬಿ ಹಿಡಿದಾಗ ಬಾಯಿಂದ ಮೊಟ್ಟೆಯೋ ಮರಿಯೋ ಉದುರಿದರೆ ಬೇರೆ ಸಾಕ್ಷಿ ಬೇಡ, ತಾಯಿ ಅವನ್ನು ಬಾಯಲ್ಲೇ ಕಾಯುತ್ತದೆ.

"ಸಿಗಲಿಲ್ಲ" ಎಂಬುದನ್ನು "ಇಲ್ಲ" ಎಂದು ಬರೆಯಬೇಡಿ. "20 ಬೀಸು, ಎರಡು ಗಂಟೆ ಗಿಲ್ ನೆಟ್, ಸಿಗಲಿಲ್ಲ" ಎಂದು ಬರೆಯಿರಿ.

ಇವು ಕಂಡರೆ ತಕ್ಷಣ ನೀರಿನಿಂದ ಹೊರಬನ್ನಿ

ನೀರಿನ ಮಟ್ಟ ದಡದ ಕಲ್ಲಿನ ಮೇಲೆ ಇದ್ದಕ್ಕಿದ್ದಂತೆ ಏರುವುದು, ತಿಳಿ ನೀರಿಗೆ ಕಸಕಡ್ಡಿ ತೇಲಿಬರುವುದು: ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ. ಕೆಆರ್‌ಎಸ್ ಕೆಳಗೆ, ಶಿವನಸಮುದ್ರದ ಕೆಳಗೆ ಮೋಡವಿಲ್ಲದ ದಿನವೂ ಇದು ಆಗುತ್ತದೆ. ಬೆಳಗ್ಗೆ ಒಂದು ಕಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿ, ಒಬ್ಬರನ್ನು ಅದನ್ನೇ ನೋಡಲು ನಿಲ್ಲಿಸಿ. ಶ್ರೀರಂಗಪಟ್ಟಣದ ಸುತ್ತ ಮೊಸಳೆಗಳಿವೆ, ಮರಳ ದಿಬ್ಬದ ಮೇಲೆ ಜಾರಿದ ಗುರುತು ಕಂಡರೆ ಆ ಮಡುವಿಗೆ ಇಳಿಯಬೇಡಿ. ಮೀನುಗಳು ಒಟ್ಟಾಗಿ ಸತ್ತು ತೇಲುತ್ತಿದ್ದರೆ ಬಲೆ ಹಾಕುವುದನ್ನು ನಿಲ್ಲಿಸಿ, ಫೋಟೋ ತೆಗೆದು, ಹೊತ್ತು ಬರೆದು ಮೀನುಗಾರಿಕೆ ಇಲಾಖೆಗೆ ಅಂದೇ ತಿಳಿಸಿ.

ಹಂತ 12: ಹಾಳೆ ಯಾರ ಕೈ ಸೇರಬೇಕು

ಮೂಲ ಹಾಳೆಗಳ ಫೋಟೋ ಅಂದೇ ರಾತ್ರಿ ಎರಡು ಕಡೆ ಉಳಿಸಿ. ಪಟ್ಟಿಯ ಒಂದು ಪ್ರತಿ ಇಲಾಖೆಗೆ, ಒಂದು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಕೊಡಿ. ಅಪರೂಪದ ಮಹಶೀರ್ ಸಿಕ್ಕ ಮಡುವಿನ ನಿಖರ ಜಾಗವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ, ಗಾಳ ಹಿಡಿದವರು ಬೇಗ ಬರುತ್ತಾರೆ. ಇನ್ನೊಂದು ಪ್ರತಿಯನ್ನು ಕನ್ನಡದಲ್ಲಿ, ಫೋಟೋ ಸಮೇತ, ನಿಮಗೆ ಮಡು ತೋರಿಸಿದ ಮೀನುಗಾರರ ಮನೆಗೆ ಒಯ್ದು ಕೊಡಿ. ಹೆಸರು ತಪ್ಪಾಗಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಆ ತಿದ್ದುಪಡಿಯನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡು ಬಂದು, ಮುಂದಿನ ಸುತ್ತಿನ ಹಾಳೆಗೆ ಸೇರಿಸಿ.